ಬಿಸಿಲೂ ಬ್ಯಾಟರಿಯೂ

ಕಲಬುರಗಿಯ ಬಿಸಿಲನ್ನು ಕಲಬುರಗಿಯವರಿಗೆ ವರ್ಣಿಸಿ ಹೇಳಬೇಕಾದ ಅಗತ್ಯವಿಲ್ಲ. ವೈಶಾಖವು ಕಾಲಿಟ್ಟಿತೆಂದರೆ ಉಷ್ಣಮಾನವು 42, 43 ಡಿಗ್ರಿಗಳಿಗೆ ಏರುವುದು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ತನಕ ಬೀದಿಯಲ್ಲಿ ನಾಯಿಯೂ ಕಾಣುವುದಿಲ್ಲ. ಈ ಬಿಸಿಲಿನೊಡನೆ ಬಾಳಲು ನಮ್ಮ ಹಿರಿಯರು ತಕ್ಕಷ್ಟು ಉಪಾಯಗಳನ್ನು ಕಂಡುಕೊಂಡಿದ್ದರು. ಮೊಳಗಟ್ಟಲೆ ದಪ್ಪದ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಕೆಳಗೆ ಶಹಾಬಾದಿನ ಕಲ್ಲಿನ ನೆಲ, ಬಾಗಿಲಿಗೆ ನೀರು ಚಿಮುಕಿಸಿದ ತಟ್ಟಿ, ಕೈಗೆ ಒಂದು ತಂಬಿಗೆ ಮಜ್ಜಿಗೆ. ದನಕರುಗಳು ಕೂಡ ಹೊತ್ತು ನೋಡಿ ಗಿಡದ ನೆರಳಿಗೆ ಸರಿಯುತ್ತವೆ. ಸರಿಯಲಾರದೆ ನಿಂತಲ್ಲಿಯೇ ನಿಂತು ಬೇಯುವ ಒಂದು ವಸ್ತು ಇತ್ತೀಚಿನ ವರ್ಷಗಳಲ್ಲಿ ನಮ್ಮ ಬೀದಿಗಳಿಗೆ ಬಂದು ಸೇರಿದೆ. ಆ ಬಡಪಾಯಿಯ ವಿಚಾರವಾಗಿ ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನಗಳಿಂದ ನನ್ನ ಮನಸ್ಸಿನಲ್ಲಿತ್ತು.

ಅದೊಂದು ಉಕ್ಕಿನ ಪೆಟ್ಟಿಗೆ. ಎದೆಯೆತ್ತರ, ಬೂದು ಬಣ್ಣ, ಮುಂದೆ ಬೀಗ ಹಾಕಿದ ಬಾಗಿಲು. ಮೊಬೈಲು ಕಂಪನಿಯವರು ಕಂಬವನ್ನು ನೆಟ್ಟು ಅದರ ಬುಡದಲ್ಲಿ ಇದನ್ನು ಕೂಡಿಸಿರುತ್ತಾರೆ. ದಾರಿಹೋಕರು ಅದರ ಮೇಲೆ ಚೀಲವನ್ನಿಟ್ಟು ದಣಿವಾರಿಸಿಕೊಳ್ಳುತ್ತಾರೆ; ಚುನಾವಣೆಯ ಕಾಲದಲ್ಲಿ ಅದರ ಮೈಮೇಲೆ ಕಾಗದಗಳನ್ನು ಅಂಟಿಸುತ್ತಾರೆ. ಒಳಗೇನಿದೆಯೆಂದು ಯೋಚಿಸುವವರು ಕಡಿಮೆ. ಮೇಲಿನ ಅರೆಯಲ್ಲಿ ನಮ್ಮ ಮಾತುಗಳನ್ನು ಸಾಗಿಸುವ ಯಂತ್ರಗಳು. ಕೆಳಗಿನ ಅರೆಯಲ್ಲಿ, ಬಿಸಿಗಾಳಿಯು ಮೇಲಕ್ಕೇರುವುದೆಂಬ ಲೆಕ್ಕದಿಂದ, ಬ್ಯಾಟರಿಗಳು. ಹನ್ನೆರಡು ವೋಲ್ಟಿನ ನಾಲ್ಕನ್ನು ಸಾಲಾಗಿ ಜೋಡಿಸಿದರೆ 48 ವೋಲ್ಟು. ಊರಿನ ಕರೆಂಟು ಹೋದಾಗ ಈ ನಾಲ್ವರೇ ನಮ್ಮ ಮಾತಿಗೆ ಆಧಾರ.

ಈ 48 ಎಂಬ ಸಂಖ್ಯೆಯು ಇಂದಿನದಲ್ಲ. ಹಳೆಯ ಟೆಲಿಫೋನ್ ಎಕ್ಸ್‌ಚೇಂಜುಗಳಿಂದ ಬಳುವಳಿಯಾಗಿ ಬಂದದ್ದು. ಹಿಂದೆ ಮನೆಯಲ್ಲಿ ದೀಪವಾರಿ ಕತ್ತಲೆ ಕವಿದಿದ್ದರೂ ಟೆಲಿಫೋನು ಮಾತ್ರ ತನ್ನ ಪಾಡಿಗೆ ತಾನು ಗಣಗಣಿಸುತ್ತಿದ್ದುದನ್ನು ವಯಸ್ಸಾದವರು ಬಲ್ಲರು. ಅದಕ್ಕೆ ಬೇಕಾದ ವಿದ್ಯುತ್ತು ಮನೆಯದಾಗಿರಲಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ ತಾಮ್ರದ ತಂತಿಯ ಮೂಲಕ ಬರುತ್ತಿತ್ತು. ಆ ಬ್ಯಾಟರಿಗಳಿಗೆ ಒಂದು ಪ್ರತ್ಯೇಕ ಕೋಣೆಯೇ ಇರುತ್ತಿತ್ತು. ದಪ್ಪ ಗೋಡೆ, ಎತ್ತರದ ಕಿಟಕಿ, ನೆರಳು, ತಂಪು. ಸಾಲುಸಾಲಾಗಿ ನಿಂತ ಕೋಶಗಳಲ್ಲಿ ಸೀಸದ ಫಲಕಗಳು ಗಂಧಕಾಮ್ಲದಲ್ಲಿ ಮುಳುಗಿರುತ್ತಿದ್ದುವು. ಒಬ್ಬ ಮನುಷ್ಯನು ನಿತ್ಯವೂ ಹೋಗಿ ಆಮ್ಲದ ಸಾಂದ್ರತೆಯನ್ನು ಅಳೆದು, ನೀರು ಇಳಿದಿದ್ದರೆ ಬಟ್ಟಿಯಿಳಿಸಿದ ನೀರನ್ನು ಹೊಯ್ದು, ರಿಜಿಸ್ಟರಿನಲ್ಲಿ ಬರೆದು ಬರುತ್ತಿದ್ದನು. ನಮ್ಮಂಥ ಉಷ್ಣದೇಶಗಳಿಗೆಂದು ಆಮ್ಲವನ್ನೇ ಸ್ವಲ್ಪ ತೆಳುವಾಗಿ ಬೆರಸುವ ಪದ್ಧತಿಯೂ ಉಂಟು. ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋಂ ಪ್ಲಾಂತೇ ಎಂಬಾತನು 1859ರಲ್ಲಿ ಕಂಡುಹಿಡಿದಂದಿನಿಂದ ಅದರ ಸ್ವಭಾವವು ಹೆಚ್ಚೇನೂ ಬದಲಾಗಿಲ್ಲ. ಬದಲಾದದ್ದು ಅದರ ಮನೆ. ತಂಪಾದ ಕೋಣೆಯಿಂದ ಅದನ್ನು ಬೀದಿಯ ಬಿಸಿಲಿಗೆ ತಂದು, ಬಾಯಿಗೆ ಮುದ್ರೆ ಹಾಕಿ, ನೋಡಿಕೊಳ್ಳುವವನನ್ನು ದೂರ ಮಾಡಿದ್ದಾಗಿದೆ. ಈಗಿನ ಬ್ಯಾಟರಿಯಲ್ಲಿ ಆಮ್ಲವು ಹರಿದಾಡುವುದಿಲ್ಲ. ಗಾಜಿನ ನಾರಿನ ಹಾಸಿಗೆಯಲ್ಲಿ ಹೀರಿಕೊಂಡೋ ಲೋಳೆಯಾಗಿಯೋ ಇರುತ್ತದೆ. ನೀರು ಹೊಯ್ಯುವ ಕೆಲಸವಿಲ್ಲವೆಂಬುದು ಅದರ ಹೆಗ್ಗಳಿಕೆ. ಬೇಕಾದಾಗಲೂ ಹೊಯ್ಯಲು ಬಾರದೆಂಬುದು ಅದರ ದೌರ್ಭಾಗ್ಯ.

ನಮ್ಮ ಬಡಾವಣೆಯಲ್ಲಿ ಇಂಥ ಎರಡು ಪೆಟ್ಟಿಗೆಗಳಿವೆ. ಒಂದೇ ಕಂಪನಿಯವು, ಒಂದೇ ವರ್ಷ ಕೂಡಿಸಿದವು. ಒಂದು ಮೂರನೆಯ ಓಣಿಯಲ್ಲಿ ಹಳೆಯ ಬೇವಿನ ಗಿಡದ ಕೆಳಗಿದೆ. ಇನ್ನೊಂದು ನಮ್ಮ ಮನೆಯ ಮುಂದಿನ ತಿರುವಿನಲ್ಲಿ ಪಶ್ಚಿಮಕ್ಕೆ ಮುಖಮಾಡಿ ನಿಂತಿದೆ. ಅದಕ್ಕೂ ಮೊದಲು ನೆರಳಿತ್ತು. ರಸ್ತೆಯನ್ನು ಅಗಲ ಮಾಡುವಾಗ ಗಿಡಗಳನ್ನು ಕಡಿದುಬಿಟ್ಟರು. ಕಡಿದವರಾಗಲಿ ಪೆಟ್ಟಿಗೆಯವರಾಗಲಿ ಈ ವಿಷಯದಲ್ಲಿ ಒಬ್ಬರನ್ನೊಬ್ಬರು ಒಂದು ಮಾತು ಕೇಳಿದ್ದರೆಂದು ನನಗೆ ತೋರುವುದಿಲ್ಲ.

2023ರ ಏಪ್ರಿಲ್ ತಿಂಗಳಲ್ಲಿ ಆ ತಿರುವಿನಿಂದ ಕೊಳೆತ ಮೊಟ್ಟೆಯಂಥ ನಾತವು ಬರತೊಡಗಿತು. ಗಟಾರವು ಕಟ್ಟಿಕೊಂಡಿರಬೇಕೆಂದು ಓಣಿಯವರೆಲ್ಲ ಸೇರಿ ಬೈದದ್ದೂ ಆಯಿತು. ಎರಡು ದಿನಗಳ ಮೇಲೆ ದುರಸ್ತಿಯ ಹುಡುಗನೊಬ್ಬನು ಬಂದು ಬಾಗಿಲನ್ನು ತೆರೆದಾಗ ನಾನು ಹತ್ತಿರ ಹೋಗಿ ನಿಂತೆನು. ಇಪ್ಪತ್ತೈದರ ಪ್ರಾಯ, ಆಳಂದದ ಕಡೆಯವನು.

“ಕಾಕಾ, ಮೂಗು ಮುಚ್ಕೋರಿ. ಇದು ಗಟಾರದ ನಾತ ಅಲ್ರಿ. ಬ್ಯಾಟರಿ ಕುದ್ದಾವ” ಎಂದನು.

ಬಗ್ಗಿ ನೋಡಿದೆನು. ನಾಲ್ಕರಲ್ಲಿ ಎರಡು ಬ್ಯಾಟರಿಗಳ ಪಕ್ಕೆಗಳು ಉಬ್ಬಿ, ತಿಂದು ತೇಗಲಾರದವನ ಹೊಟ್ಟೆಯಂತಾಗಿದ್ದುವು.

“ಹಾಕಿ ಎಷ್ಟು ದಿನ ಆತಪಾ ತಮ್ಮಾ?”

“ಎರಡು ಬ್ಯಾಸಗಿ ನೋಡ್ಯಾವ್ರಿ. ಇದು ಮೂರನೇದು. ಬೇವಿನ ಗಿಡದ ಕೆಳಗಿನವು ಹಾಕಿ ನಾಕು ಬ್ಯಾಸಗಿ ಆದ್ವು, ಇನ್ನಾ ಗಟ್ಟಿ ಅವ.”

ಆತನು ವರ್ಷಗಳನ್ನು ಎಣಿಸಲಿಲ್ಲ, ಬೇಸಗೆಗಳನ್ನು ಎಣಿಸಿದನು. ಬ್ಯಾಟರಿಯ ಆಯುಸ್ಸನ್ನು ಎಣಿಸತಕ್ಕ ರೀತಿಯು ಅದೇ ಎಂಬುದು ಆಮೇಲೆ ಪುಸ್ತಕಗಳನ್ನು ತಿರುವಿ ಹಾಕಿದಾಗ ನನಗೆ ಮನವರಿಕೆಯಾಯಿತು.

ಬ್ಯಾಟರಿಯ ಮೈಮೇಲೆ ಹತ್ತು ವರ್ಷ ಬಾಳುವುದೆಂದು ಬರೆದಿದ್ದರೆ ಅದು ಒಂದು ನಿರ್ದಿಷ್ಟ ಉಷ್ಣಮಾನದ ಮಾತು. ಯುರೋಪಿನವರು ಅದನ್ನು 20 ಡಿಗ್ರಿಗೆ ಲೆಕ್ಕ ಹಾಕುವರು, ಅಮೆರಿಕದವರು 25ಕ್ಕೆ, ನಮ್ಮ ದೇಶದ ಮಾನಕಗಳು 27 ಡಿಗ್ರಿಯನ್ನು ಹಿಡಿಯುತ್ತವೆ. ಅಲ್ಲಿಂದ ಮೇಲೆ ಪ್ರತಿ ಹತ್ತು ಡಿಗ್ರಿಗೆ ಆಯುಸ್ಸು ಅರ್ಧಕ್ಕಿಳಿಯುವುದೆಂಬುದು ಈ ಕಸುಬಿನವರ ಸೂತ್ರ. 37ರಲ್ಲಿ ಐದು ವರ್ಷ, 47ರಲ್ಲಿ ಎರಡೂವರೆ. ಈ ಸೂತ್ರದ ಬೇರು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ಎಂಬ ರಸಾಯನಶಾಸ್ತ್ರಜ್ಞನು 1889ರಲ್ಲಿ ಪ್ರಕಟಿಸಿದ ಸಮೀಕರಣದಲ್ಲಿದೆ. ಕಾವು ಏರಿದಂತೆ ರಾಸಾಯನಿಕ ಕ್ರಿಯೆಗಳ ವೇಗವು ಹೇಗೆ ಏರುವುದೆಂಬುದನ್ನು ಅದು ತಿಳಿಸುತ್ತದೆ. ವಾಯುಮಂಡಲದಲ್ಲಿ ಇಂಗಾಲಾಮ್ಲವಾಯು ಹೆಚ್ಚಿದರೆ ಭೂಮಿಯು ಎಷ್ಟು ಕಾಯುವುದೆಂದು 1896ರಲ್ಲಿ ಲೆಕ್ಕ ಹಾಕಿ ತೋರಿಸಿದವನೂ ಇವನೇ. ನಮ್ಮ ಓಣಿಯ ಪೆಟ್ಟಿಗೆಯ ವಿಚಾರದಲ್ಲಿ ಆ ಮಹಾಶಯನ ಎರಡು ಲೆಕ್ಕಗಳೂ ಕೂಡಿಕೊಂಡಿವೆಯೆಂದು ಹೇಳಬಹುದು.

ಒಳಗೆ ನಡೆಯುವುದೇನೆಂದರೆ, ಧನಫಲಕದ ಸೀಸದ ಜಾಲರಿಯು ದಿನದಿನಕ್ಕೆ ಕಿಲುಬಾಗುತ್ತ ಹೋಗುತ್ತದೆ. ಕಿಲುಬು ಶುದ್ಧ ಸೀಸಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಫಲಕವು ಬೆಳೆದು ಡಬ್ಬಿಯ ಗೋಡೆಗಳನ್ನು ನೂಕುತ್ತದೆ. ಇನ್ನೊಂದು ಕಡೆ ಇದ್ದಷ್ಟು ನೀರೂ ಆವಿಯಾಗಿ, ವಾಯುವಾಗಿ ಸ್ವಲ್ಪಸ್ವಲ್ಪವೇ ಹೊರಬೀಳುತ್ತದೆ. ಇವೆರಡೂ ತಂಪಿನಲ್ಲಿಯೂ ನಡೆಯತಕ್ಕವೇ, ಕಾವಿನಲ್ಲಿ ಓಡುತ್ತವೆ. ಬ್ಯಾಟರಿಯು ಕೆಲಸ ಮಾಡುತ್ತಿರಲಿ, ಬಿಡಲಿ. ಸುಮ್ಮನೆ ನಿಂತಿರುವಾಗಲೇ ಅದರ ಬಾಳು ಕರಗುತ್ತದೆ. ಮಧ್ಯಾಹ್ನ ಮೂರು ಗಂಟೆಗೆ, ನಾವೆಲ್ಲ ಮಲಗಿರುವಾಗ, ಅದು ವಯಸ್ಸಾಗುತ್ತಿರುತ್ತದೆ.

ಕಲಬುರಗಿಯ ಇಡೀ ವರ್ಷದ ಸರಾಸರಿ ಉಷ್ಣಮಾನವು 27ರ ಆಸುಪಾಸಿನಲ್ಲಿಯೇ ಇದೆಯಲ್ಲ, ಹಾಗಾದರೆ ಭಯವೇಕೆಂದು ಯಾರಾದರೂ ಕೇಳಬಹುದು. ಸರಾಸರಿಯೆಂಬುದು ಇಂಥಲ್ಲಿ ಬಲುದೊಡ್ಡ ಮೋಸಗಾರ. ಉದಾಹರಣೆಗೆ, ಒಂದು ಬ್ಯಾಟರಿಯು ಹನ್ನೆರಡು ತಾಸು 27 ಡಿಗ್ರಿಯಲ್ಲಿಯೂ ಹನ್ನೆರಡು ತಾಸು 47ರಲ್ಲಿಯೂ ಇತ್ತೆಂದು ಇಟ್ಟುಕೊಳ್ಳೋಣ. ಸರಾಸರಿ 37, ಆದ್ದರಿಂದ ಆಯುಸ್ಸು ಐದು ವರ್ಷವೆಂದು ಕಾಗದದ ಮೇಲಿನ ಲೆಕ್ಕವು ಹೇಳುತ್ತದೆ. ಆದರೆ ತಂಪಿನ ತಾಸಿಗೆ ಒಂದು ಪಾಲು ಸವೆದರೆ ಕಾವಿನ ತಾಸಿಗೆ ನಾಲ್ಕು ಪಾಲು ಸವೆಯುವುದರಿಂದ, ಎರಡನ್ನೂ ಕೂಡಿಸಿ ಅರ್ಧಿಸಿದರೆ ಎರಡೂವರೆ ಪಾಲಾಗಿ, ಆಯುಸ್ಸು ನಾಲ್ಕೇ ವರ್ಷಕ್ಕೆ ನಿಲ್ಲುತ್ತದೆ. ರಾತ್ರಿಯ ತಂಪು ಹಗಲಿನ ಉರಿಯನ್ನು ತೀರಿಸಿಕೊಡಲಾರದು. ಪುಷ್ಯಮಾಸದ ಚಳಿಯು ವೈಶಾಖದ ಸಾಲಕ್ಕೆ ಜಾಮೀನಾಗಲಾರದು. ಮೇಲಾಗಿ ಹವಾಮಾನದವರು ಹೇಳುವ 43 ನೆರಳಿನ ಮಾತು. ಬಿಸಿಲಿಗೆ ಒಡ್ಡಿಕೊಂಡ ತಗಡಿನ ಪೆಟ್ಟಿಗೆಯ ಒಳಗೆ, ಯಂತ್ರಗಳ ಸ್ವಂತ ಕಾವೂ ಸೇರಿ, ಅದು 50ನ್ನು ದಾಟುವುದು ಅಪೂರ್ವವೇನಲ್ಲ.

ಇದಕ್ಕಿಂತಲೂ ವಿಚಿತ್ರವಾದದ್ದು ಇನ್ನೊಂದುಂಟು. ಕಾದ ಬ್ಯಾಟರಿಯನ್ನು ಆ ಹೊತ್ತಿಗೆ ಪರೀಕ್ಷಿಸಿದರೆ ಅದು ತಂಪಾದದ್ದಕ್ಕಿಂತ ಸ್ವಲ್ಪ ಹೆಚ್ಚಿನ ಬಲವನ್ನೇ ತೋರಿಸುತ್ತದೆ! ಯಾವ ಕಾವು ಅದನ್ನು ಕೊಲ್ಲುವುದೋ ಅದೇ ಕಾವು ಅದರ ಕ್ರಿಯೆಗಳನ್ನು ಚುರುಕುಗೊಳಿಸುವುದರಿಂದ ಹೀಗಾಗುವುದು. ಚಳಿದೇಶದಲ್ಲಿ ಬ್ಯಾಟರಿಯು ಹಿಮಕಾಲದಲ್ಲಿ ಸೋಮಾರಿಯಂತೆ ಕಂಡರೂ ಬಹುಕಾಲ ಬಾಳುತ್ತದೆ. ನಮ್ಮಲ್ಲಿ ಬೇಸಗೆಯಲ್ಲಿ ಶೂರನಂತೆ ಕಂಡು ಬೇಗ ಅಳಿಯುತ್ತದೆ. ಮೇ ತಿಂಗಳ ನಡುಹಗಲಿನಲ್ಲಿ ಬಂದು ಮೀಟರು ಹಿಡಿದು “ಎಲ್ಲವೂ ಸರಿಯಾಗಿದೆ” ಎಂದು ಬರೆದು ಹೋಗುವವನ ವರದಿಯನ್ನು ಈ ಕಾರಣದಿಂದ ಅರ್ಧ ಮಾತ್ರ ನಂಬತಕ್ಕದ್ದು.

ಆ ಏಪ್ರಿಲಿನಲ್ಲಿ ಹುಡುಗನು ಉಬ್ಬಿದ ಎರಡನ್ನು ತೆಗೆದು ಹೊಸವೆರಡನ್ನು ಹಾಕಿದನು. ನಾಲ್ಕನ್ನೂ ಬದಲಾಯಿಸಬೇಕೆಂಬುದು ಅವನಿಗೆ ಗೊತ್ತಿತ್ತು. ಕೊಟ್ಟವರು ಎರಡೇ ಕೊಟ್ಟಿದ್ದರು. ಸಾಲಿನಲ್ಲಿ ಜೋಡಿಸಿದ ಬ್ಯಾಟರಿಗಳಲ್ಲಿ ಒಂದು ಸೋತರೆ ಉಳಿದವುಗಳ ಬಲವೂ ವ್ಯರ್ಥವೇ. ಮೇ ತಿಂಗಳ ಎರಡನೆಯ ವಾರದಲ್ಲಿ ಒಂದು ಸಂಜೆ ಬಿರುಗಾಳಿಯೆದ್ದಿತು. ನಮ್ಮ ಕಡೆ ಮುಂಗಾರಿಗೆ ಮೊದಲು ಬರುವ ಗಾಳಿಯ ಪರಿಚಯವು ಎಲ್ಲರಿಗೂ ಇದ್ದದ್ದೇ. ಇಡೀ ದಿನ ಕಾದ ನೆಲವೇ ಅದನ್ನು ಎಬ್ಬಿಸುವುದರಿಂದ, ಅತ್ಯಂತ ಸುಡುವ ದಿನದ ಸಂಜೆಯೇ ಅದು ಬರುವುದು. ಬಂದೊಡನೆ ಎಲ್ಲಿಯೋ ತಂತಿಯ ಮೇಲೆ ಟೊಂಗೆ ಬಿದ್ದು ಕರೆಂಟು ಹೋಗುವುದು. ಸೀಸವು ಭಾರವಾದ ವಸ್ತು. ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಹೊರಗೆ ಗಾಳಿ ತಂಪಾದಾಗಲೂ ಬ್ಯಾಟರಿಯ ಒಡಲು ಹಗಲಿನ ಕಾವನ್ನು ಹೊತ್ತುಕೊಂಡೇ ಇರುತ್ತದೆ. ಅಂಥ ಗಳಿಗೆಯಲ್ಲಿ ಅದನ್ನು ಕೆಲಸಕ್ಕೆ ಕರೆಯುತ್ತೇವೆ.

ಅಂದು ಏಳೂವರೆಗೆ ಕರೆಂಟು ಹೋಯಿತು. ನಾಲ್ಕು ತಾಸು ನಡೆಯಬೇಕಾಗಿದ್ದ ಪೆಟ್ಟಿಗೆಯು ಇಪ್ಪತ್ತು ನಿಮಿಷಗಳಲ್ಲಿ ಸುಮ್ಮನಾಯಿತು. ನಮ್ಮ ಓಣಿಯ ಫೋನುಗಳೆಲ್ಲ ಒಮ್ಮೆಲೇ ಮೂಕವಾದುವು. ಅದೇ ವೇಳೆಗೆ ಪಕ್ಕದ ಮನೆಯ ಅಜ್ಜಿಗೆ ಎದೆನೋವು ಕಾಣಿಸಿಕೊಂಡು ಉಸಿರು ಮೇಲಕ್ಕೆ ಮೇಲಕ್ಕೆ ಬರತೊಡಗಿತು. 108ಕ್ಕೆ ಫೋನು ಹಚ್ಚಿದರೆ ಹತ್ತಲೊಲ್ಲದು. ಮನೆಯವರು ಮಾಳಿಗೆಯ ಮೇಲೆ ಹತ್ತಿ ನೋಡಿದರು, ಅಂಗಳಕ್ಕೆ ಇಳಿದು ನೋಡಿದರು. ಕೊನೆಗೆ ಹದಿನಾಲ್ಕು ವರ್ಷದ ಮೊಮ್ಮಗನು ಫೋನನ್ನು ಕೈಯಲ್ಲಿ ಹಿಡಿದು ಮಳೆಯಲ್ಲಿ ಓಡಿದನು. ಮೂರನೆಯ ಓಣಿಗೆ ಬಂದಾಗ, ಬೇವಿನ ಗಿಡದ ಹತ್ತಿರ, ಕರೆ ಹೋಯಿತು. ಅಲ್ಲಿನ ಪೆಟ್ಟಿಗೆಯು ಇನ್ನೂ ಉಸಿರಾಡುತ್ತಿತ್ತು. ಆಂಬುಲೆನ್ಸು ಬಂತು, ಅಜ್ಜಿ ಉಳಿದಳು, ಈಗಲೂ ಕಟ್ಟೆಯ ಮೇಲೆ ಕುಳಿತು ತೊಗರಿ ಹಸನು ಮಾಡುತ್ತಾಳೆ. ನಡುವೆ ಹೋದ ಮುಕ್ಕಾಲು ತಾಸು ಮಾತ್ರ ಆ ಮನೆಯವರು ಮರೆಯತಕ್ಕದ್ದಲ್ಲ.

ಆ ಘಟನೆಯ ತರುವಾಯ ನಾನು ಆ ಹುಡುಗನನ್ನು ಕಂಡಾಗಲೆಲ್ಲ ನಿಲ್ಲಿಸಿ ಮಾತನಾಡಿಸುವುದುಂಟು. ಬ್ಯಾಟರಿಗೆ ಸದಾ ಸಣ್ಣ ಪ್ರಮಾಣದಲ್ಲಿ ವಿದ್ಯುತ್ತನ್ನು ಉಣಿಸುತ್ತಿರಬೇಕು. 48 ವೋಲ್ಟಿನ ಸಾಲಿಗೆ ಸುಮಾರು 54 ವೋಲ್ಟು. ಆದರೆ ಕಾವೇರಿದಂತೆ ಅದು ಹೆಚ್ಚುಹೆಚ್ಚು ಉಣ್ಣತೊಡಗುತ್ತದೆ; ಉಂಡದ್ದು ಮತ್ತೆ ಕಾವಾಗುತ್ತದೆ; ಆ ಕಾವು ಇನ್ನೂ ಉಣ್ಣಿಸುತ್ತದೆ. ಹೀಗೆ ಹಿಡಿತ ತಪ್ಪಿ ಕುದಿಯುವ ಅವಸ್ಥೆಯಲ್ಲಿ ಏಳುವುದೇ ಆ ಕೊಳೆತ ಮೊಟ್ಟೆಯ ನಾತ. ಇದನ್ನು ತಡೆಯಲು, ಒಂದೊಂದು ಡಿಗ್ರಿ ಏರಿದಂತೆ ಕೋಶವೊಂದಕ್ಕೆ ಸುಮಾರು ಮೂರು ಮಿಲಿವೋಲ್ಟಿನಂತೆ ಉಣಿಸನ್ನು ತಗ್ಗಿಸುವ ವ್ಯವಸ್ಥೆಯುಂಟು. ಸಾಲಿನಲ್ಲಿ 24 ಕೋಶಗಳು. ಇಪ್ಪತ್ತು ಡಿಗ್ರಿ ಹೆಚ್ಚಾದರೆ ಹೆಚ್ಚುಕಡಿಮೆ ಒಂದೂವರೆ ವೋಲ್ಟು ಕಡಿಮೆ ಮಾಡಬೇಕು. ಇದಕ್ಕೆ ಕಾವನ್ನು ತಿಳಿಸುವ ಒಂದು ಸಣ್ಣ ತಂತಿಯನ್ನು ಬ್ಯಾಟರಿಯ ಮೈಗೇ ಅಂಟಿಸಿರಬೇಕು. ನಮ್ಮ ತಿರುವಿನ ಪೆಟ್ಟಿಗೆಯಲ್ಲಿ ಅದು ಅಂಟು ಬಿಟ್ಟು ಬಾಗಿಲಿನ ಸಂದಿಯಲ್ಲಿ ಜೋತಾಡುತ್ತಿತ್ತು. ರೋಗಿಯ ಕೈಯನ್ನು ಬಿಟ್ಟು ಮಂಚದ ಕಾಲಿನ ನಾಡಿ ಹಿಡಿದಂತೆ!

ಉಪಾಯಗಳಿಗೆ ಕೊರತೆಯಿಲ್ಲ. ಫ್ಯಾನು ಇಡಬಹುದು, ಆದರೆ ತೊಗರಿಯ ರಾಶಿಯ ಕಾಲದಲ್ಲಿ ಜರಡಿಯು ಹೊಟ್ಟಿನಿಂದ ಮುಚ್ಚಿಹೋಗುವುದನ್ನು ಯಾರು ತಿಂಗಳಿಗೊಮ್ಮೆ ಝಾಡಿಸಬೇಕು? ತಂಪುಯಂತ್ರವನ್ನು ಕೂಡಿಸಬಹುದು, ಅದು ಕರೆಂಟು ಇರುವ ತನಕ ಮಾತ್ರ ತಂಪು. ಸೀಸವನ್ನು ಬಿಟ್ಟು ಲಿಥಿಯಂ ಬ್ಯಾಟರಿಗಳನ್ನು ಹಾಕುವವರು ಹೆಚ್ಚುತ್ತಿದ್ದಾರೆ. ಅವುಗಳಲ್ಲಿ ಕಬ್ಬಿಣ ಮತ್ತು ಫಾಸ್ಫೇಟು ಬೆರೆತ ಜಾತಿಯು ಬಿಸಿಲನ್ನು ಸೀಸಕ್ಕಿಂತ ಚೆನ್ನಾಗಿ ತಡೆಯುವುದು ನಿಜ. ಕಾವಿನಲ್ಲಿ ಬೇಗ ಮುಪ್ಪಾಗುವ ನಿಯಮಕ್ಕೆ ಅದೂ ಹೊರತಲ್ಲ. ಬೇರೆ ಜಾತಿಯ ಲಿಥಿಯಂ ಬ್ಯಾಟರಿಗಳಿದ್ದ ಬೀದಿಪೆಟ್ಟಿಗೆಯೊಂದು 2006ರಲ್ಲಿ ಅಮೆರಿಕದ ಹ್ಯೂಸ್ಟನ್ ಕಡೆ ಸಿಡಿದುಹೋಯಿತು. ಮತ್ತೂ ಕೆಲವು ಅಂಥವೇ ಆದ ಮೇಲೆ, 2008ರ ಮೊದಲಲ್ಲಿ ಅಲ್ಲಿಯ ಕಂಪನಿಯು ಸುಮಾರು 17,000 ಬ್ಯಾಟರಿಗಳನ್ನು ಬದಲಾಯಿಸಬೇಕಾಯಿತು. ಸೀಸಕ್ಕೆ ಇನ್ನೊಂದು ಶತ್ರುವೂ ಇದೆ: ಕಳ್ಳ. ಸೀಸಕ್ಕೆ ಗುಜರಿಯಲ್ಲಿ ಒಳ್ಳೆಯ ಬೆಲೆಯಿರುವುದರಿಂದ ಬ್ಯಾಟರಿಗಳಿಗೆ ಕಬ್ಬಿಣದ ಪಂಜರವನ್ನು ಬಿಗಿಯುತ್ತಾರೆ. ಪಂಜರವು ಬಿಗಿಯಾದಷ್ಟು ಗಾಳಿಯಾಡುವುದು ಕಡಿಮೆ. ಕಳ್ಳನಿಂದ ಉಳಿದದ್ದು ಸೂರ್ಯನ ಪಾಲು.

ಒಮ್ಮೆ ನಾನು ಆ ಹುಡುಗನೊಡನೆ ಹಗೇವಿನ ಮಾತನ್ನು ತೆಗೆದೆನು. ನಮ್ಮ ಹಳ್ಳಿಗಳಲ್ಲಿ ಹಿಂದೆ ಜೋಳವನ್ನು ವರ್ಷಗಟ್ಟಲೆ ನೆಲದೊಳಗಿನ ಹಗೇವಿನಲ್ಲಿ ಇಡುತ್ತಿದ್ದರು. ಎರಡಾಳು ಆಳದಲ್ಲಿ ಬೇಸಗೆಯೆಂಬುದು ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ. ಅಲ್ಲಿ ವರ್ಷವಿಡೀ ಊರಿನ ಸರಾಸರಿಯ ಕಾವೇ ನಿಂತಿರುತ್ತದೆ. ಮೇಲೆ ನಮ್ಮನ್ನು ವಂಚಿಸುವ ಸರಾಸರಿಯು ಕೆಳಗೆ ಸತ್ಯವಂತನಾಗಿರುತ್ತದೆ. ಬ್ಯಾಟರಿಗೆ ಬೇಕಾದ 27 ಡಿಗ್ರಿಯು ನಮ್ಮ ಕಾಲಕೆಳಗೇ ಇದೆ. ಹುಡುಗನು ನಕ್ಕು, ಬ್ಯಾಟರಿಗಳನ್ನು ಡಬ್ಬಿಯಲ್ಲಿ ಹಾಕಿ ಹೂಳುವ ಪದ್ಧತಿಯು ಕೆಲವು ಕಡೆ ಇದ್ದೇ ಇದೆಯೆಂದನು. ಆದರೆ ನಮ್ಮ ಎರೆಯ ನೆಲವು ಮಳೆಗಾಲದಲ್ಲಿ ನೀರನ್ನು ಹಿಡಿದುಕೊಳ್ಳುತ್ತದೆ. ಬೇಸಗೆಯಲ್ಲಿ ಬಿರಿದು ಗೋಡೆಗಳನ್ನು ಸೀಳುತ್ತದೆ. ಹಗೇವನ್ನು ಕೂಡ ಹಿರಿಯರು ಗಟ್ಟಿನೆಲ ನೋಡಿಯೇ ತೋಡುತ್ತಿದ್ದರು. ಇನ್ನೊಂದು ಎಚ್ಚರಿಕೆಯೂ ಎರಡಕ್ಕೂ ಸಮಾನ. ಹಗೇವಿನ ಬಾಯಿ ತೆರೆದೊಡನೆ ಯಾರೂ ಇಳಿಯುವುದಿಲ್ಲ; ಒಳಗೆ ಕೆಟ್ಟ ಗಾಳಿ ನಿಂತಿರುತ್ತದೆ; ಮೊದಲು ಒಂದು ದೀಪವನ್ನು ಇಳಿಬಿಟ್ಟು ನೋಡುತ್ತಾರೆ. ಬ್ಯಾಟರಿಯ ಕುಣಿಯಲ್ಲಿ ನಿಲ್ಲುವುದು ಜಲಜನಕ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲಾದರೆ ಸಾಕು, ಕಿಡಿ ಸೋಕಿದೊಡನೆ ಹೊತ್ತಿಕೊಳ್ಳುತ್ತದೆ. ಅಲ್ಲಿ ದೀಪವನ್ನು ಇಳಿಬಿಡುವ ಮಾತೇ ಇಲ್ಲ. ಗಾಳಿಗೊಂದು ಕೊಳವೆ ಬೇಕು.

ಹೂಳುವುದು ಅವನ ಕೈಯಲ್ಲಿರಲಿಲ್ಲ. 2024ರ ಮಾರ್ಚಿನಲ್ಲಿ ಅವನು ಮೇಲಿನವರಿಗೆ ಹೇಳಿ ಹೇಳಿ ನಾಲ್ಕೂ ಹೊಸ ಬ್ಯಾಟರಿಗಳನ್ನು ತಂದು ಹಾಕಿದನು. ಜೋತಾಡುತ್ತಿದ್ದ ತಂತಿಯನ್ನು ಮಧ್ಯದ ಬ್ಯಾಟರಿಯ ಮೈಗೆ ಅಂಟಿಸಿದನು. ಪೆಟ್ಟಿಗೆಯ ಪಶ್ಚಿಮದ ಮಗ್ಗುಲಿಗೂ ನೆತ್ತಿಗೂ ಬಿಳಿಯ ಬಣ್ಣದ ಇನ್ನೊಂದು ತಗಡನ್ನು, ನಡುವೆ ನಾಲ್ಕು ಬೆರಳು ಗಾಳಿಗೆ ಜಾಗ ಬಿಟ್ಟು, ಬಡಿದರು. ಬಿಸಿಲು ಈಗ ಹೊರಗಿನ ತಗಡನ್ನು ಕಾಯಿಸುತ್ತದೆ. ಆ ಕಾವು ಸಂದಿಯ ಗಾಳಿಯೊಡನೆ ಮೇಲಕ್ಕೇರಿ ಹೋಗುತ್ತದೆ. ಬಾಗಿಲು ಮುಚ್ಚುವ ಮೊದಲು ಹುಡುಗನು ಒಳಬದಿಗೆ ಸೀಸದ ಕಡ್ಡಿಯಿಂದ ತಾರೀಖು ಬರೆದು, ಅದರ ಕೆಳಗೆ ಒಂದು ಗೀಟು ಎಳೆದನು. ಅದೇನೆಂದು ಕೇಳಿದೆನು.

“ಬ್ಯಾಸಗಿ ಲೆಕ್ಕ ಕಾಕಾ. ಇದು ಒಂದನೇದು” ಎಂದನು.